ಹೆಸರಿಗೆ ಎಷ್ಟು ಜಾಗ

ಒಬ್ಬರ ಹೆಸರಿಗೆ ಪಟ್ಟಿಯಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ಆ ಹೆಸರಿನವರು ತೀರ್ಮಾನಿಸುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಟೇಬಲ್ ಕಟ್ಟುವ ಯಾರೋ ಒಬ್ಬರು ಒಂದು ಸಂಖ್ಯೆ ಬರೆಯುತ್ತಾರೆ: 20, 25, 30. ಆಮೇಲೆ ವರ್ಷಾನುಗಟ್ಟಲೆ ಎಲ್ಲರ ಹೆಸರೂ ಆ ಸಂಖ್ಯೆಯೊಳಗೇ ಬದುಕಬೇಕು. 1998ರಿಂದ ಸುಮಾರು ಹದಿನೈದು ವರ್ಷ ಆ ಸಂಖ್ಯೆ ಬರೆಯುವ ಕೆಲಸ ನನ್ನದಾಗಿತ್ತು. ರಾಮನಗರದಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ಸೆಂಟರ್. ಬೆಳಗ್ಗೆ ಹುಡುಗ ಹುಡುಗಿಯರಿಗೆ ಕ್ಲಾಸು, ಮಧ್ಯಾಹ್ನದ ಮೇಲೆ ಜಾಬ್‌ವರ್ಕ್. ರೇಷ್ಮೆ ರೀಲರ್‌ಗಳ ಗೂಡು ಖರೀದಿ ಲೆಕ್ಕ, ಹಳ್ಳಿ ಡೇರಿಗಳ ಬಟವಾಡೆ ಪಟ್ಟಿ, ಚನ್ನಪಟ್ಟಣದ ಬೊಂಬೆ ಮಾಡುವವರ ಐಟಂ ಪಟ್ಟಿ, ಕನಕಪುರ ಕಡೆಯ ಶಾಲೆಯೊಂದರ ದಾಖಲಾತಿ, ಮಾಗಡಿಯ ಪತ್ರ ಬರಹಗಾರರೊಬ್ಬರ ಸೂಚಿ. ಬಂದ ಕೆಲಸವನ್ನು ಇಲ್ಲ ಅನ್ನುತ್ತಿರಲಿಲ್ಲ. ನಾಲ್ಕು ತಾಲ್ಲೂಕಿನ ಬಸ್ ಸ್ಟ್ಯಾಂಡುಗಳೂ ನನಗೆ ಚೆನ್ನಾಗಿ ಗೊತ್ತು.

ಶುರುವಿನಲ್ಲಿ ನಮ್ಮ ಕೈಲಿದ್ದದ್ದು ಡಾಸ್ ಮೇಲೆ ಓಡುವ ಫಾಕ್ಸ್‌ಪ್ರೊ 2.6. ಅದರಲ್ಲಿ ಕ್ಯಾರೆಕ್ಟರ್ ಫೀಲ್ಡಿಗೆ ಗರಿಷ್ಠ 254 ಅಕ್ಷರ. ಆದರೆ ಅಷ್ಟು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಯಾಕೆಂದರೆ ಕೊಟ್ಟ ಜಾಗ ಕೊಟ್ಟಂತೆಯೇ ಖರ್ಚಾಗುತ್ತಿತ್ತು. ಹೆಸರಿಗೆ 50 ಎಂದು ಬರೆದರೆ, ‘ರವಿ’ ಎಂಬ ಹೆಸರೂ ಡಿಸ್ಕಿನ ಮೇಲೆ 50 ಬೈಟೇ ಹಿಡಿಯುತ್ತದೆ. ಉಳಿದದ್ದೆಲ್ಲ ಖಾಲಿ ಸ್ಪೇಸ್. ಹತ್ತು ಸಾವಿರ ಸದಸ್ಯರಿದ್ದರೆ ಬರೀ 25 ಅಕ್ಷರ ಹೆಚ್ಚು ಕೊಟ್ಟದ್ದಕ್ಕೆ ಎರಡೂವರೆ ಲಕ್ಷ ಬೈಟು. ಫೈಲನ್ನು 1.44 ಎಂಬಿಯ ಫ್ಲಾಪಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದ ಕಾಲ. ಆ ಎರಡೂವರೆ ಲಕ್ಷ ಸಣ್ಣ ಮಾತಾಗಿರಲಿಲ್ಲ.

ಫ್ಲಾಪಿಗಿಂತ ದೊಡ್ಡ ಒತ್ತಡ ಪ್ರಿಂಟರಿನದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಂದು ಸಾಲಿನಲ್ಲಿ 80 ಅಕ್ಷರ ಹೊಡೆಯುತ್ತಿತ್ತು. ಕ್ರಮಸಂಖ್ಯೆ, ಹೆಸರು, ಊರು, ಲೀಟರು, ದರ, ಮೊತ್ತ, ಸಹಿಗೆ ಜಾಗ, ಎಲ್ಲವೂ ಆ 80ರೊಳಗೆ ಕೂರಬೇಕು. ಕೂರಿಸುವಾಗ ಯಾವಾಗಲೂ ಹೆಸರೇ ಕುಗ್ಗುತ್ತಿತ್ತು. ಮೊತ್ತದ ಕಾಲಮ್ಮಿನಲ್ಲಿ ಒಂದು ಅಂಕಿ ಹೋದರೆ ಗಲಾಟೆ ಆಗುತ್ತದೆ; ಹೆಸರಿನಲ್ಲಿ ಹತ್ತು ಅಕ್ಷರ ಹೋದರೆ ‘ಗೊತ್ತಾಗುತ್ತಲ್ಲ ಬಿಡಿ’ ಅನ್ನುತ್ತಾರೆ. ಹಾಗಾಗಿ ಕಾಗದದ ಅಗಲ ನೋಡಿ ರಿಪೋರ್ಟಿನ ಕಾಲಂ, ರಿಪೋರ್ಟಿನ ಕಾಲಂ ನೋಡಿ ಟೇಬಲ್ಲಿನ ಫೀಲ್ಡ್ ತೀರ್ಮಾನವಾಗುತ್ತಿತ್ತು. ನಾನು ಕಂಡ ಎಷ್ಟೋ ಟೇಬಲ್ಲುಗಳಲ್ಲಿ ಹೆಸರಿಗೆ 25 ಇದ್ದದ್ದು ಈ ದಾರಿಯಲ್ಲಿ ಬಂದ 25.

ಅದರ ಪರಿಣಾಮ ಏನು ಅನ್ನುವುದು ನನಗೆ ಮನಸ್ಸಿಗೆ ನಾಟಿದ್ದು ಸಾತನೂರು ಕಡೆಯ ಒಂದು ಹಳ್ಳಿಯಲ್ಲಿ. ಬೇರೆಲ್ಲೋ ತಯಾರಾಗಿ ಬಂದಿದ್ದ ಒಂದು ಹಣ ಪಾವತಿ ಪಟ್ಟಿ, ಪೂರಾ ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಅದನ್ನು ತಿದ್ದಿ ಮತ್ತೆ ಟೈಪ್ ಮಾಡಿಕೊಡಲು ನನ್ನನ್ನು ಕರೆಸಿದ್ದರು. ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರು. ಅವರ ನಿಜವಾದ ಹೆಸರು ಇಲ್ಲಿ ಬೇಡ. ಅಷ್ಟೇ ಉದ್ದದ ಇನ್ನೊಂದು ಹೆಸರು ಇಟ್ಟುಕೊಳ್ಳೋಣ: ಚಿಕ್ಕಹೊಂಬಾಳಮ್ಮ. ಇಂಗ್ಲಿಷಿನಲ್ಲಿ ಬರೆದರೆ ಅದೇ 16 ಅಕ್ಷರ. ಒಂದು ಸ್ಪೇಸ್, ‘ವೈಫ್ ಆಫ್’ ಎಂಬುದರ ಮೂರು ಗುರುತು, ಮತ್ತೊಂದು ಸ್ಪೇಸ್, ‘ಲೇಟ್’ ಅನ್ನುವುದರ ನಾಲ್ಕಕ್ಷರ. ಲೆಕ್ಕ ಹಾಕಿ ನೋಡಿ, ಸರಿಯಾಗಿ 25. ಗಂಡ ದೊಡ್ಡಮರೀಗೌಡನ ಹೆಸರು ಶುರುವಾಗುವ ಮೊದಲೇ ಫೀಲ್ಡ್ ಮುಗಿದಿದೆ. ಇಬ್ಬರ ಎದುರಿಗೂ ಇದ್ದದ್ದು ಇಂಥವರು, ತೀರಿಕೊಂಡ ಒಬ್ಬರ ಹೆಂಡತಿ ಎಂದಷ್ಟೇ. ಯಾರು ತೀರಿಕೊಂಡವರು ಎಂದಿಲ್ಲ. ಹಣ ಬಂದಿದ್ದು ಒಬ್ಬರಿಗೆ, ಇನ್ನೊಬ್ಬರದು ತಡೆಹಿಡಿದಿತ್ತು, ಯಾರದು ಯಾವುದು ಎಂದು ಹೇಳಲು ಪಟ್ಟಿಗೆ ಬಾಯಿಲ್ಲ.

ಅವರಲ್ಲಿ ಹಿರಿಯಾಕೆ ಜಗಲಿ ಮೇಲೆ ಕೂತು ನನ್ನನ್ನೇ ಕೇಳಿದರು: “ನಮ್ ಯಜಮಾನ್ರ ಹೆಸ್ರು ಎಲ್ಲೋಯ್ತಪ್ಪ? ನಾನೇ ಬಾಯ್ಬುಟ್ಟು ಯೋಳಿ ಬರ್ಸಿದ್ನಲ್ಲ.” ಗಂಡನ ಹೆಸರನ್ನು ಬಾಯಲ್ಲಿ ಆಡದೆ ಒಂದು ಜೀವಮಾನ ಕಳೆದವರು ಆಕೆ. ಯಾವನೋ ಬರೆದುಕೊಳ್ಳಲು ಬಂದನಲ್ಲ ಎಂದು ಆ ದಿನ ಸಂಕೋಚ ಬಿಟ್ಟು ಹೇಳಿದ್ದಾರೆ. ಹೇಳಿದ್ದನ್ನು ಬರೆದುಕೊಂಡವರು ಬರೆದುಕೊಂಡಿದ್ದಾರೆ ಕೂಡ. ಅರ್ಜಿಯ ಕಾಗದದಲ್ಲಿ ಹೆಸರು ಪೂರ್ತಿ ಇತ್ತು. ಅದನ್ನು ಒಳಗೆ ತೆಗೆದುಕೊಳ್ಳಲಾರದೆ ಹೋದದ್ದು ಯಾರೋ ಎಂದೋ ಬರೆದಿಟ್ಟ ಒಂದು ಸಂಖ್ಯೆ. ಆಕೆಗೆ ಏನು ಹೇಳಿದೆನೋ ನೆನಪಿಲ್ಲ. ಆದರೆ ಡೇಟಾಬೇಸ್ ಕೆಲಸದಲ್ಲಿ ಫೀಲ್ಡಿನ ಸೈಜ್ ಬರೆಯುವುದೇ ಎಲ್ಲಕ್ಕಿಂತ ಜವಾಬ್ದಾರಿಯ ಘಳಿಗೆ ಎಂದು ನಾನು ನಂಬುವುದಕ್ಕೆ ಆ ಜಗಲಿಯೇ ಕಾರಣ. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಮುಂದೆ ತಿದ್ದಬಹುದು. ಟೇಬಲ್ಲಿನೊಳಕ್ಕೇ ಬರದ ಅಕ್ಷರವನ್ನು ಯಾವ ತಿದ್ದುಪಡಿಯೂ ತಂದುಕೊಡುವುದಿಲ್ಲ.

ಫಾಕ್ಸ್‌ಪ್ರೊದಲ್ಲಿ ಇನ್ನೂ ಒಂದು ಅಪಾಯವಿತ್ತು. ಫೀಲ್ಡ್ ತುಂಬಿದ ತಕ್ಷಣ ಬೀಪ್ ಎಂದು ಸದ್ದು ಮಾಡಿ ಕರ್ಸರ್ ತಾನಾಗಿ ಮುಂದಿನ ಫೀಲ್ಡಿಗೆ ಹಾರುತ್ತಿತ್ತು. ಡೇಟಾ ಎಂಟ್ರಿ ಮಾಡುವವರ ಕಣ್ಣು ಪಕ್ಕದ ರಿಜಿಸ್ಟರ್ ಮೇಲೆ, ಬೆರಳು ಕೀಬೋರ್ಡ್ ಮೇಲೆ. ಪರದೆಯನ್ನು ಅವರು ನೋಡುವುದು ಕಡಿಮೆ. ಹೆಸರಿನ ಉಳಿದ ತುಂಡು ಊರಿನ ಕಾಲಮ್ಮಿಗೆ ಬೀಳುತ್ತಿತ್ತು, ಊರು ಅಲ್ಲಿಂದ ಮುಂದಕ್ಕೆ. ನಮ್ಮಲ್ಲಿ ಎಂಟ್ರಿ ಮಾಡುತ್ತಿದ್ದ ಹುಡುಗಿಯರು ಬೀಪ್ ಸದ್ದು ಕೇಳಿದರೆ ಕೈ ನಿಲ್ಲಿಸಿ, ರಿಜಿಸ್ಟರಿನ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ಸಂಜೆ ಆ ಪೆನ್ಸಿಲ್ ಗುರುತುಗಳನ್ನು ಎಣಿಸಿದರೆ, ನಾವು ಕೊಟ್ಟ ಸೈಜ್ ಎಷ್ಟು ಜನರಿಗೆ ಸಾಲಲಿಲ್ಲ ಅನ್ನುವುದು ತಾನೇ ತಿಳಿಯುತ್ತಿತ್ತು. ಯಾವ ಪುಸ್ತಕವೂ ನನಗೆ ಕಲಿಸಿಕೊಡದ ಪರೀಕ್ಷೆ ಅದು. ಅವರಿಗೆ ನಾನು ಋಣಿ.

ಅಲ್ಲಿಂದ ಮುಂದೆ ಕೆಲಸ ಒಪ್ಪಿಕೊಂಡ ಕೂಡಲೇ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಮೊದಲು ಹಳೇ ರಿಜಿಸ್ಟರ್ ಕೊಡಿ ಅನ್ನುತ್ತಿದ್ದೆ. ಪುಟ ತಿರುವಿ ಅತಿ ಉದ್ದದ ಹೆಸರು, ಅತಿ ಉದ್ದದ ಊರು ಹುಡುಕುವುದು. ನಮ್ಮ ಕಡೆಯ ಊರುಗಳ ಹೆಸರಿನಲ್ಲಿ ಒಂದು ವಿಶೇಷವಿದೆ: ಮೂಲ ಊರಿನ ಹೆಸರಿಗೇ ‘ದೊಡ್ಡಿ’ ಸೇರಿ ಇನ್ನೊಂದು ಊರಾಗುತ್ತದೆ. ದನ ಕಟ್ಟಿಕೊಂಡು ಹೋಗಿ ನೆಲೆ ನಿಂತವರ ಊರುಗಳು. ರಾಮನಗರ, ಕನಕಪುರ, ಚನ್ನಪಟ್ಟಣ ಮೂರೂ ತಾಲ್ಲೂಕಿನಲ್ಲಿ ಇಂಥ ದೊಡ್ಡಿಗಳು ಬೇಕಾದಷ್ಟಿವೆ. ಊರಿನ ಫೀಲ್ಡ್ ಸಣ್ಣದಾದರೆ ಮೊದಲು ಹಾರಿಹೋಗುವುದೇ ಈ ‘ದೊಡ್ಡಿ’. ಆಗ ದೊಡ್ಡಿಯ ಜನರೆಲ್ಲ ಮೂಲ ಊರಿನವರಾಗಿಬಿಡುತ್ತಾರೆ. ಚನ್ನಪಟ್ಟಣದ ಹತ್ತಿರ ಮಳೂರು ಬೇರೆ, ಮಳೂರುಪಟ್ಟಣ ಬೇರೆ. ಬಾಲ ಕತ್ತರಿಸಿದರೆ ಎರಡೂ ಒಂದೇ.

ಹೆಸರಿನ ಕಥೆ ಇನ್ನೂ ವಿಸ್ತಾರದ್ದು. ಕಂದಾಯ ದಾಖಲೆಯಲ್ಲಿ ‘ಬಿನ್’ ಎಂದು ತಂದೆ, ‘ಕೋಂ’ ಎಂದು ಗಂಡ, ‘ಉರುಫ್’ ಎಂದು ಕರೆಯುವ ಹೆಸರು ಜೊತೆಗೇ ಬರುತ್ತವೆ. ಇವು ಅಲಂಕಾರವಲ್ಲ. ಒಂದೇ ಹಳ್ಳಿಯ ಡೇರಿಯಲ್ಲಿ ಮೂವರು ಶಿವಲಿಂಗಯ್ಯ, ನಾಲ್ವರು ಕೆಂಪಮ್ಮ ಇರುವ ನಾಡಿದು. ಡೇರಿ ಕಾರ್ಯದರ್ಶಿಯೊಬ್ಬರು ನನಗೆ ತಮ್ಮ ಕೈಬರಹದ ಪುಸ್ತಕ ತೋರಿಸಿದ್ದರು: ಪ್ರತಿ ಶಿವಲಿಂಗಯ್ಯನ ಹಿಂದೆ ಬ್ರಾಕೆಟ್ಟಿನಲ್ಲಿ ಮೂಲೆಮನೆ, ತೋಟದಮನೆ, ಪಟೇಲರು. “ಬರೀ ಹೆಸ್ರು ಕೂಗುದ್ರೆ ಮೂರ್ ಜನಾನೂ ಎದ್ ಬತ್ತಾರೆ, ಏನ್ಮಾಡ್ಲಿ ಹೇಳಿ” ಅಂದರು. ಅವರಿಗಾಗಿ ‘ಮನೆ’ ಎಂದು ಒಂದು ಫೀಲ್ಡನ್ನೇ ಬೇರೆ ಮಾಡಿದೆ, 20 ಅಕ್ಷರದ್ದು. ಬಟವಾಡೆ ಪಟ್ಟಿಯಲ್ಲಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಬರುತ್ತಿತ್ತು. ಕಂಪ್ಯೂಟರ್ ಪುಸ್ತಕಗಳಲ್ಲಿ ಮಾದರಿಯೆಂದು ಕೊಡುವ ಫಸ್ಟ್ ನೇಮ್, ಮಿಡಲ್ ನೇಮ್, ಲಾಸ್ಟ್ ನೇಮ್ ಎಂಬ ಮೂರು ಫೀಲ್ಡನ್ನು ನಾನು ಈ ನಾಲ್ಕು ತಾಲ್ಲೂಕಿನಲ್ಲಿ ಯಾರಿಗೂ ಮಾಡಿಕೊಟ್ಟಿಲ್ಲ. ಇನಿಶಿಯಲ್ಲಿನಲ್ಲಿ ಊರು, ಅಪ್ಪ ಇಬ್ಬರೂ ಅಡಗಿರುವ ಕಡೆ, ಲಾಸ್ಟ್ ನೇಮ್ ಯಾವುದು ಎಂದು ಕೇಳಿದರೆ ಜನ ಏನಾದರೊಂದು ತುಂಬಿಬಿಡುತ್ತಾರೆ. ಹಾಗೆ ತುಂಬಿದ್ದು ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ತಾಳೆಯಾಗುವುದಿಲ್ಲ. ಕನಕಪುರ ಕಡೆಯ ಶಾಲೆಗೆ ನಾನು ಇಟ್ಟದ್ದು ಒಂದೇ ಹೆಸರಿನ ಫೀಲ್ಡ್, ಅಗಲವಾದದ್ದು. ಅಂಕಪಟ್ಟಿಯಲ್ಲಿ ಹೇಗೆ ಇರಬೇಕೋ ಹಾಗೆ, ಒಂದು ಚುಕ್ಕಿಯೂ ಬಿಡದೆ.

ಆಮೇಲೆ ವಿಂಡೋಸ್ ಬಂತು, ಆಕ್ಸೆಸ್ ಬಂತು. ಆಕ್ಸೆಸ್ 97ರಲ್ಲಿ ಟೆಕ್ಸ್ಟ್ ಫೀಲ್ಡ್ ಎಂದು ಆರಿಸಿದರೆ ಸೈಜ್ ತಾನಾಗಿ 50 ಎಂದು ಬರುತ್ತಿತ್ತು, ಗರಿಷ್ಠ 255. ಇಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು, ಅದನ್ನು ನಮ್ಮಲ್ಲಿ ಬಹಳ ಜನ ಗಮನಿಸಲಿಲ್ಲ. ಆಕ್ಸೆಸ್ ಖಾಲಿ ಜಾಗವನ್ನು ಡಿಸ್ಕಿನಲ್ಲಿ ಬರೆಯುವುದಿಲ್ಲ. ಸೈಜ್ 255 ಎಂದಿಟ್ಟು ‘ರವಿ’ ಎಂದು ಬರೆದರೆ, ಆ ಹೆಸರಿಗೆ ಬೇಕಾದಷ್ಟೇ ಜಾಗ ಹೋಗುತ್ತದೆ. ಅಂದರೆ ಫಾಕ್ಸ್‌ಪ್ರೊ ಕಾಲದ ಜಿಪುಣತನಕ್ಕೆ ಇಲ್ಲಿ ಕಾರಣವೇ ಉಳಿಯಲಿಲ್ಲ. ಆದರೂ ಕಲಿತ ಕೈ ಬಿಡುವುದಿಲ್ಲವಲ್ಲ. ಹಳಬರು ಆಕ್ಸೆಸ್ಸಿನಲ್ಲಿ ಕೂತೂ 50 ಇದ್ದದ್ದನ್ನು ಅಳಿಸಿ 25 ಎಂದು ಬರೆಯುತ್ತಿದ್ದರು, ಜಾಗ ಉಳಿಯುತ್ತದೆ ಎಂದು. ಏನೂ ಉಳಿಯುತ್ತಿರಲಿಲ್ಲ, ಹೆಸರು ಮಾತ್ರ ಕತ್ತರಿಸುತ್ತಿತ್ತು. ಆಕ್ಸೆಸ್ 2007ರ ಹೊತ್ತಿಗೆ ಸೈಜ್ ತಾನಾಗಿಯೇ 255 ಎಂದು ಬರುವ ಹಾಗಾಯಿತು. ಆಗ ಇನ್ನೊಂದು ತುದಿಗೆ ಹೋದರು: ಎಲ್ಲ ಫೀಲ್ಡಿಗೂ 255, ಪಿನ್‌ಕೋಡಿಗೂ 255.

ಅದೂ ಸರಿಯಲ್ಲ. ಜಾಗ ಉಳಿಸುವುದಕ್ಕೆ ಸೈಜ್ ಬೇಡ, ಕಾವಲಿಗೆ ಬೇಕು. ಪಿನ್‌ಕೋಡ್ ಆರು ಅಂಕಿ. ಫೀಲ್ಡ್ 6 ಎಂದಿದ್ದರೆ ಏಳನೆಯದನ್ನು ಒತ್ತಿದರೂ ಅದು ಒಳಗೆ ಬಿಡುವುದಿಲ್ಲ. ಮೊಬೈಲ್ 10, ಆಧಾರ್ 12. ಎಂಟ್ರಿ ಮಾಡುವವರು ದಣಿದಿರುವ ಸಂಜೆ ಆರು ಗಂಟೆಯಲ್ಲಿ ಅವರ ಕೈ ಹಿಡಿಯುವುದು ಈ ಅಂಕಿಗಳು. ಅಳತೆ ಗೊತ್ತಿರುವ ಕಡೆ ಬಿಗಿ, ಮನುಷ್ಯರ ಮಾತು ಬರುವ ಕಡೆ ಸಡಿಲ: ನನ್ನ ಲೆಕ್ಕ ಇಷ್ಟೇ. ಹೆಸರಿಗೆ 100 ಕೊಡುತ್ತೇನೆ. ಊರಿಗೆ 60. ಯಾರಾದರೂ ಯಾಕಿಷ್ಟು ಅಂದರೆ ಅವರ ರಿಜಿಸ್ಟರನ್ನೇ ತೆಗೆದು ತೋರಿಸುತ್ತೇನೆ.

ಮೊಬೈಲನ್ನು, ಫೋನನ್ನು ನಂಬರ್ ಟೈಪಿನಲ್ಲಿ ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಕರೆಯುವುದೇ ಫೋನ್ ನಂಬರ್ ಎಂದಲ್ಲವೆ. ರಾಮನಗರದ ಫೋನಿಗೆ ಎಸ್‌ಟಿಡಿ ಕೋಡ್ 080. ನಂಬರ್ ಟೈಪ್ ಇಟ್ಟರೆ ಮುಂದಿನ ಸೊನ್ನೆ ಮಾಯ, 80 ಮಾತ್ರ ಉಳಿಯುತ್ತದೆ. ಮೊಬೈಲ್ ಬಂದ ಮೇಲೆ ಇನ್ನೂ ಕಷ್ಟ: ಆಕ್ಸೆಸ್ಸಿನ ಲಾಂಗ್ ಇಂಟಿಜರ್ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,147,483,647. ಒಂಬತ್ತರಿಂದ ಶುರುವಾಗುವ ಹತ್ತಂಕಿ ಅದರೊಳಗೆ ಹೋಗುವುದೇ ಇಲ್ಲ. ಹೊಸಬರಿಗೆ ನಾನು ಹೇಳುತ್ತಿದ್ದ ಮಾತು: ಕೂಡಿಸುತ್ತೀರಾ, ಕಳೆಯುತ್ತೀರಾ, ಸರಾಸರಿ ತೆಗೆಯುತ್ತೀರಾ? ಇಲ್ಲವಾದರೆ ಅದು ಸಂಖ್ಯೆಯಲ್ಲ, ಟೆಕ್ಸ್ಟ್. ರೀಲರ್ ಲೈಸೆನ್ಸ್ ನಂಬರ್ ಟೆಕ್ಸ್ಟ್. ಗೂಡಿನ ತೂಕ, ಕೆಜಿ ದರ, ರೆಂಡಿಟ್ಟಾ, ಇವು ನಂಬರ್. ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಂತು ಎಂಬ ಆ ರೆಂಡಿಟ್ಟಾದ ಸರಾಸರಿ ಮೇಲೆಯೇ ರೀಲರ್ ಮನೆ ನಡೆಯುತ್ತದೆ.

ಆದರೆ ಟೆಕ್ಸ್ಟ್ ಎಂದಿಟ್ಟ ಮೇಲೆ ಜೋಡಣೆಯ ಪ್ರಶ್ನೆ ಏಳುತ್ತದೆ. ಟೆಕ್ಸ್ಟಿನಲ್ಲಿ 1 ಆದ ಮೇಲೆ 10, 11, 12 ಬಂದು, ಅವೆಲ್ಲ ಮುಗಿದ ಮೇಲೆ 2 ಬರುತ್ತದೆ. ಈ ತೊಂದರೆ ಬಲವಾಗಿ ಕಂಡದ್ದು ಮಾಗಡಿಯ ಪತ್ರ ಬರಹಗಾರರ ಹತ್ತಿರ. ಅವರು ತಾವು ಬರೆದ ಕ್ರಯಪತ್ರ, ವಿಭಾಗಪತ್ರಗಳಿಗೆಲ್ಲ ಒಂದು ಸೂಚಿ ಬೇಕು ಅಂದರು. ಸರ್ವೆ ನಂಬರ್ ಹೇಳಿದರೆ ಯಾವ ವರ್ಷ ಯಾರಿಗೆ ಬರೆದುಕೊಟ್ಟೆ ಎಂದು ಸಿಗಬೇಕು. ಸರ್ವೆ ನಂಬರ್ ಎಂದರೆ ಬರೀ ಅಂಕಿಯಲ್ಲ. 45/2 ಇರುತ್ತದೆ, 45/2ಎ ಇರುತ್ತದೆ, 45ರ ಪೈಕಿ ಎಂದಿರುತ್ತದೆ. ಪೋಡಿಯಾಗದ ಜಮೀನುಗಳಲ್ಲಿ ‘ಪಿ’ ಎಂದು ಸೇರಿಸಿ ಇನ್ನಷ್ಟು. ಇಡೀ ತುಂಡನ್ನು ಒಂದು ಟೆಕ್ಸ್ಟ್ ಫೀಲ್ಡಿನಲ್ಲಿ ಹಾಕಿದರೆ ಓದಲು ಸರಿ, ಜೋಡಿಸಲು ಆಗದು. ಎಕ್ಸೆಲ್ಲಿನಲ್ಲಿ ಟೈಪ್ ಮಾಡಿ ತಂದುಕೊಟ್ಟರಂತೂ 10/2 ಎಂಬ ಜಮೀನು ಒಂದು ತಾರೀಕಾಗಿ ಬಂದು ಕೂರುತ್ತಿತ್ತು.

ಇದಕ್ಕೆ ಸರಿಯಾದ ದಾರಿ ಆಗಲೇ ತಾಲ್ಲೂಕು ಕಚೇರಿಯಲ್ಲಿತ್ತು. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಕೈಬರಹದ ಪಹಣಿ ನಿಂತುಹೋಗಿ, 15 ರೂಪಾಯಿ ಕೊಟ್ಟರೆ ಪ್ರಿಂಟಾದ ಪಹಣಿ ಕೈಗೆ ಬರುವಂತಾಯಿತು. ಆ ಪಹಣಿಯನ್ನು ಗಮನವಿಟ್ಟು ನೋಡಿದವರಿಗೆ ಅದನ್ನು ಕಟ್ಟಿದವರ ವಿವೇಕ ಕಾಣುತ್ತದೆ. ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಮೂರು ಬೇರೆ ಬೇರೆ ಜಾಗ. ಸರ್ನಾಕ್ ಇಲ್ಲದ ಕಡೆ ಖಾಲಿ ಬಿಡದೆ ಒಂದು ನಕ್ಷತ್ರ ಗುರುತು. ವಿಸ್ತೀರ್ಣವೂ ಎಕರೆ, ಗುಂಟೆ, ಆಣೆ ಎಂದು ಬಿಡಿಸಿಟ್ಟದ್ದು. ನಾನು ಪತ್ರ ಬರಹಗಾರರಿಗೂ ಹಾಗೇ ಮಾಡಿದೆ: ಸರ್ವೆ ನಂಬರ್ ನಂಬರ್ ಟೈಪ್, ಹಿಸ್ಸಾ ಟೆಕ್ಸ್ಟ್, ಎಕರೆ ಒಂದು, ಗುಂಟೆ ಇನ್ನೊಂದು. ಎಕರೆ ಗುಂಟೆಯನ್ನು ಒಂದೇ ದಶಾಂಶವಾಗಿ ಇಟ್ಟವರ ಫೈಲುಗಳನ್ನು ನೋಡಿದ್ದೇನೆ. 2 ಎಕರೆ 20 ಗುಂಟೆ, 1 ಎಕರೆ 30 ಗುಂಟೆ ಕೂಡಿಸಿದರೆ 3.50 ಎಂದು ತೋರಿಸುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ. ಸರಿಯಾದ ಮೊತ್ತ 4 ಎಕರೆ 10 ಗುಂಟೆ.

ಚಕ್ಕುಬಂದಿ ಬರೆಯುವ ಜಾಗದ ಮಾತು ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಪ್ಪ, ಚಕ್ಕುಬಂದಿ ಅರ್ಧ ಬರೆದರೆ ಜಮೀನೇ ಅರ್ಧ ಹೋದ ಹಾಗೆ. ಅಲ್ಲಿ ಮಾತ್ರ ಕೈ ಹಿಡೀಬೇಡ.” ಪೂರ್ವಕ್ಕೆ ಇಂಥವರ ಜಮೀನು ಮತ್ತು ಗಾಡಿದಾರಿ, ಪಶ್ಚಿಮಕ್ಕೆ ಹಳ್ಳ ಮತ್ತು ಅದರಾಚೆ ಇಂಥವರ ಬಾಬ್ತು ತೋಟ, ಕೆಲವು ಪತ್ರಗಳಲ್ಲಿ ಒಂದು ದಿಕ್ಕೇ ಏಳೆಂಟು ಸಾಲು ಓಡುತ್ತದೆ. 255 ಸಾಲದು. ನಾಲ್ಕು ದಿಕ್ಕಿಗೂ ನಾಲ್ಕು ಮೆಮೊ ಫೀಲ್ಡ್ ಇಟ್ಟೆ. ಮೆಮೊದಲ್ಲಿ ಅರವತ್ತೈದು ಸಾವಿರ ಅಕ್ಷರದವರೆಗೂ ಟೈಪ್ ಮಾಡಬಹುದು. ಹಾಗಾದರೆ ಎಲ್ಲವನ್ನೂ ಮೆಮೊ ಮಾಡಿಬಿಡೋಣ ಎಂದು ಕೇಳುವವರೂ ಇದ್ದರು. ಹುಡುಕುವುದು, ಜೋಡಿಸುವುದು, ಇಂಡೆಕ್ಸ್ ಹಾಕುವುದು ಟೆಕ್ಸ್ಟಿನಲ್ಲಿ ಇರಲಿ. ಓದಿಕೊಳ್ಳುವುದು ಮಾತ್ರ ಮೆಮೊದಲ್ಲಿರಲಿ ಎನ್ನುತ್ತಿದ್ದೆ. ಫಾಕ್ಸ್‌ಪ್ರೊದಲ್ಲಿ ಮೆಮೊ ಇನ್ನೊಂದು ಫೈಲಿನಲ್ಲಿ ಕೂತಿರುತ್ತಿತ್ತು. ಟೇಬಲ್ ಫೈಲ್ ಮಾತ್ರ ಫ್ಲಾಪಿಗೆ ಕಾಪಿ ಮಾಡಿಕೊಂಡು ಹೋದವರು, ಅಲ್ಲಿ ತೆರೆಯುವುದೇ ಇಲ್ಲ ಎಂದು ಅದೇ ಬಸ್ಸಿಗೆ ವಾಪಸ್ ಬರುತ್ತಿದ್ದರು.

ಮೆಮೊದ ಇನ್ನೊಂದು ಗುಟ್ಟು ಚನ್ನಪಟ್ಟಣದಲ್ಲಿ ತಿಳಿಯಿತು. ಬೊಂಬೆ ಮಾಡುವವರೊಬ್ಬರು ಪ್ರತಿ ಐಟಮ್ಮಿಗೂ ವಿವರ ಬರೆಸಿದ್ದರು: ಆಲೆಮರ, ಕಡೆದ ಅಳತೆ, ಅರಗಿನ ಬಣ್ಣ ಯಾವುದರಿಂದ ಬಂತು, ತಾಳೆಗರಿಯಲ್ಲಿ ಹೊಳಪು ಕೊಟ್ಟದ್ದು, ಎಷ್ಟು ವಯಸ್ಸಿನ ಮಗುವಿಗೆ. ಟೇಬಲ್ಲಿನಲ್ಲಿ ಪೂರ್ತಿ ಇದೆ, ಪ್ರಿಂಟಿನಲ್ಲಿ ಎಲ್ಲ ವಿವರವೂ ನಡುವೆಯೇ ನಿಲ್ಲುತ್ತದೆ. ಎಣಿಸಿ ನೋಡಿದರೆ ಎಲ್ಲವೂ 255ಕ್ಕೇ ನಿಂತಿವೆ. ರಿಪೋರ್ಟಿನ ಹಿಂದಿದ್ದ ಕ್ವೆರಿಯಲ್ಲಿ ಮೊತ್ತ ತೆಗೆಯಲು ಗುಂಪು ಮಾಡಿತ್ತು. ಮೆಮೊವನ್ನು ಗುಂಪಿಗೆ ಸೇರಿಸಿದರೆ ಆಕ್ಸೆಸ್ ಅದನ್ನು 255ಕ್ಕೆ ಕತ್ತರಿಸುತ್ತದೆ. ಗುಂಪಿನಿಂದ ವಿವರವನ್ನು ಹೊರಗೆ ತಂದ ಮೇಲೆ ಎಲ್ಲ ಸರಿಹೋಯಿತು. “ಬಣ್ಣದ್ ವಿಷ್ಯ ಬಂತಾ ಸಾರ್ ಈಗ?” ಎಂದು ಮೊದಲು ನೋಡಿದ್ದು ಅದನ್ನೇ. ಅರಿಶಿನ ಹಾಕಿದ ಹಳದಿ ಬೇರೆ, ಅಂಗಡಿ ಬಣ್ಣದ ಹಳದಿ ಬೇರೆ ಎಂದು ಗಿರಾಕಿಗೆ ತಿಳಿಯಬೇಕು ಅನ್ನುವುದು ಅವರ ಹಟ. ಆ ಮಾತು 255ರ ಆಚೆಗೆ ಇತ್ತು.

ಇಷ್ಟೆಲ್ಲ ಇಂಗ್ಲಿಷ್ ಅಕ್ಷರದ ಲೆಕ್ಕ. ಕನ್ನಡದಲ್ಲಿ ಬರೆಯತೊಡಗಿದ ಮೇಲೆ ಸೈಜ್ ಅನ್ನುವುದೇ ಬೇರೆಯಾಯಿತು. ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳು ಬಂದ ಮೇಲೆ ಆಕ್ಸೆಸ್ ಫಾರಮ್ಮಿನಲ್ಲಿ ಫಾಂಟ್ ಬದಲಿಸಿದರೆ ಕನ್ನಡ ಕಾಣುತ್ತಿತ್ತು. ಹಳ್ಳಿಯಿಂದ ಬಂದವರು ಪರದೆಯಲ್ಲಿ ತಮ್ಮ ಹೆಸರನ್ನು ತಾವೇ ಓದಿಕೊಂಡರು. ಆ ಸಂತೋಷವನ್ನು ನಾನು ಮರೆಯಲಾರೆ. ಆದರೆ ಒಳಗೆ ಕೂತದ್ದು ಕನ್ನಡವಲ್ಲ, ಕನ್ನಡ ಅಕ್ಷರಗಳ ಚೂರುಗಳು. ‘ರಾಮನಗರ’ ನಮ್ಮ ಕಣ್ಣಿಗೆ ಐದಕ್ಷರ. ನುಡಿಯಲ್ಲಿ 11 ಚೂರು. ‘ಚನ್ನಪಟ್ಟಣ’ವೂ ಐದಕ್ಷರ, ಜೊತೆಗೆ ಎರಡು ಒತ್ತು, ಆದರೂ 10 ಚೂರು, ರಾಮನಗರಕ್ಕಿಂತ ಒಂದು ಕಡಿಮೆ. ಟ, ಣ, ಬ, ಲದಂಥ ಅಕ್ಷರಗಳಿಗೆ ಬೇರೆಯಾದ ತಲೆಕಟ್ಟು ಇಲ್ಲ, ಒಂದೇ ಚೂರಿನಲ್ಲಿ ಮುಗಿಯುತ್ತವೆ. ರ, ನ, ಗಕ್ಕೆ ತಲೆಕಟ್ಟು ಬೇರೆ ಚೂರು. ಮ ಒಂದಕ್ಕೇ ಮೂರು: ವ ಬರೆದು, ತಲೆಕಟ್ಟು ಇಟ್ಟು, ಕೊಂಬು ಸೇರಿಸಿದ ಹಾಗೆ. ಫೀಲ್ಡ್ ಸಾಲದೆ ಕತ್ತರಿಸಿದಾಗ ಇದರ ನೋವು ಗೊತ್ತಾಗುತ್ತಿತ್ತು. ಕೆಂಪಮ್ಮ ಎಂಬ ಹೆಸರಿನ ಕೊನೆಯ ಚೂರು ಬಿದ್ದರೆ ‘ಕೆಂಪಮ’. ಇನ್ನೊಂದು ಬಿದ್ದರೆ ‘ಕೆಂಪವ’. ಕತ್ತರಿಸಿದೆ ಎಂದು ಗೊತ್ತೇ ಆಗದಂತೆ ಬೇರೊಂದು ಹೆಸರು ಹುಟ್ಟಿಕೊಳ್ಳುತ್ತಿತ್ತು. ಅಕಾರಾದಿಯಲ್ಲಿ ಜೋಡಿಸು ಎಂದರೆ ರಾಮನಗರ ಮೊದಲು, ಕನಕಪುರ ಆಮೇಲೆ, ಚನ್ನಪಟ್ಟಣ ಅದರ ಹಿಂದೆ.

ಯೂನಿಕೋಡ್ ಈ ಗೋಳಿನಿಂದ ಬಿಡಿಸಿತು. ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂತು, ಜೋಡಣೆ ಕನ್ನಡದ ಕ್ರಮಕ್ಕೆ ಬಂತು, ಹುಡುಕಿದ ಹೆಸರು ಸಿಕ್ಕಿತು. ಲೆಕ್ಕ ಮಾತ್ರ ಇಲ್ಲೂ ಬೇರೆಯೇ. ‘ಮಾಗಡಿ’ ಮೂರಕ್ಷರವಲ್ಲ, ಐದು: ಮ, ಅದರ ಇಳಿ, ಗ, ಡ, ಅದರ ಗುಡಿಸು. ‘ಕೃಷ್ಣಪ್ಪ’ ನಮಗೆ ಮೂರು, ಆಕ್ಸೆಸ್ಸಿಗೆ 8. ನಮ್ಮ ಚಿಕ್ಕಹೊಂಬಾಳಮ್ಮ ಕೋಂ ಲೇಟ್ ದೊಡ್ಡಮರೀಗೌಡ ಎಂಬುದು ಯೂನಿಕೋಡಿನಲ್ಲಿ 35. ಫೀಲ್ಡ್ 25 ಇದ್ದರೆ ಗಂಡನ ಹೆಸರಿನಲ್ಲಿ ಉಳಿಯುವುದು ‘ದ’. 30 ಇದ್ದರೆ ‘ದೊಡ್ಡಮ’; ಗಂಡಿನ ಹೆಸರು ಹೆಣ್ಣಿನ ಹೆಸರಿನಂತೆ ಓದಿಸಿಕೊಳ್ಳುತ್ತದೆ. ಕಣ್ಣಳತೆಯಲ್ಲಿ ಇಷ್ಟು ಸಾಕು ಅನ್ನಿಸಿದ್ದರ ಎರಡರಷ್ಟು ಕೊಡಿ ಎಂದು ಕನ್ನಡದಲ್ಲಿ ಡೇಟಾಬೇಸ್ ಮಾಡುವವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಒತ್ತಕ್ಷರ ಹೆಚ್ಚಿರುವ ಹೆಸರಿಗೆ ಅದೂ ಸಾಲದೆ ಹೋಗಬಹುದು.

ಕೆಲವು ಹೆಸರುಗಳನ್ನು ಪ್ರತಿ ಸಾಲಿನಲ್ಲೂ ಬರೆಯಲೇಬಾರದು. ಹೋಬಳಿ ಅಂಥದ್ದು. ‘ಕಸಬಾ’ ಎಂಬ ಹೋಬಳಿ ನಾಲ್ಕು ತಾಲ್ಲೂಕಿನಲ್ಲೂ ಇದೆ. ತಾಲ್ಲೂಕಿನ ಕೋಡ್ ಜೊತೆಗಿಲ್ಲದೆ ಕಸಬಾ ಎಂದರೆ ಯಾವ ಕಸಬಾ? ಜಿಲ್ಲೆಯ ಹೆಸರಂತೂ ನಮ್ಮ ಕಣ್ಣೆದುರೇ ಬದಲಾಗುತ್ತ ಬಂತು. 1986ರವರೆಗೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಲ್ಲಿ ನಾಲ್ಕೂ ತಾಲ್ಲೂಕು ಸೇರಿ ರಾಮನಗರ ಜಿಲ್ಲೆ. ನಡುವೆ ರಾಮನಗರ, ಚನ್ನಪಟ್ಟಣದ ಪಿನ್‌ಕೋಡುಗಳೂ 571ರಿಂದ 562ಕ್ಕೆ ಬದಲಾದವು. ಪ್ರತಿ ಸದಸ್ಯನ ಸಾಲಿನಲ್ಲೂ ಜಿಲ್ಲೆ, ಪಿನ್ ಟೈಪ್ ಮಾಡಿಸಿದ್ದವರು ಸಾವಿರಾರು ಸಾಲು ತಿದ್ದಿಸಬೇಕಾಯಿತು. ಜಿಲ್ಲೆಗೆ ಬೇರೆ ಟೇಬಲ್ ಇಟ್ಟಿದ್ದ ಕಡೆ ಒಂದೇ ಸಾಲು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಎಂದಾದಾಗ, ನಾನು ಮಾಡಿಕೊಟ್ಟ ಆಕ್ಸೆಸ್ ಫೈಲನ್ನು ಇನ್ನೂ ಓಡಿಸುತ್ತಿರುವ ಡೇರಿಯವರು ಫೋನ್ ಮಾಡಿದ್ದರು. ಹಳೆಯ ಹೆಸರಿನ ಆರು ಅಕ್ಷರದ ಜಾಗದಲ್ಲಿ ಹೊಸದಕ್ಕೆ ಸ್ಪೇಸ್ ಸೇರಿ 15 ಬೇಕು. ಫೀಲ್ಡ್ 50 ಇತ್ತು. ಯಾವ ಟೇಬಲ್, ಯಾವ ಸಾಲು ಎಂದು ಫೋನಿನಲ್ಲೇ ಹೇಳಿದೆ, ಅವರೇ ಬದಲಿಸಿಕೊಂಡರು.

ಈಗ ನಾನು ಆ ಕೆಲಸ ಬಿಟ್ಟಿದ್ದೇನೆ, ಕೇಳಿಕೊಂಡು ಬರುವವರು ಮಾತ್ರ ಬರುತ್ತಾರೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ 2024ರಲ್ಲಿ ಊರೂರಿನಲ್ಲಿ ನಡೆದ ಮೇಲೆ, ರೈತ ಗುಂಪೊಂದರ ಸದಸ್ಯರ ಪಟ್ಟಿ ಮಾಡಲು ಕುದೂರು ಕಡೆಯ ಹುಡುಗನೊಬ್ಬ ಬಂದಿದ್ದ. “ಅಣ್ಣ, ಪಹಣೀಲಿ ಒಂದ್ ಹೆಸ್ರು, ಆಧಾರಲ್ಲಿ ಒಂದ್ ಹೆಸ್ರು. ಯಾವುದ್ನ ಇಟ್ಕೊಳ್ಲಿ?” ಎರಡನ್ನೂ ಇಟ್ಟುಕೊಳ್ಳಲು ಹೇಳಿದೆ. ‘ಪಹಣಿಯಲ್ಲಿರುವಂತೆ’ ಎಂದು ಒಂದು ಫೀಲ್ಡ್, ಕನ್ನಡದಲ್ಲಿ, 150. ‘ಆಧಾರ್‌ನಲ್ಲಿರುವಂತೆ’ ಎಂದು ಇನ್ನೊಂದು, ಅದೂ 150. ಊರಲ್ಲಿ ಕರೆಯುವ ಹೆಸರಿಗೆ ಮೂರನೆಯದು. ಒಂದನ್ನು ನೋಡಿ ಇನ್ನೊಂದನ್ನು ತಿದ್ದಬೇಡ, ಕಾಗದದಲ್ಲಿ ಹೇಗಿದೆಯೋ ಹಾಗೇ ಬರೆದುಕೋ, ಎರಡೂ ಒಂದಾಗದ ಸಾಲುಗಳನ್ನು ಬೇರೆ ಪಟ್ಟಿ ಮಾಡಿ ಗ್ರಾಮ ಆಡಳಿತ ಅಧಿಕಾರಿಗೆ ಕೊಡು ಎಂದೆ. ಹೋದವಾರ ಆ ಪಟ್ಟಿ ತೆಗೆದುಕೊಂಡು ಬಂದಿದ್ದ. ಬಹುಪಾಲು ಕಡೆ ವ್ಯತ್ಯಾಸ ಇದ್ದದ್ದು ತಂದೆಯ ಹೆಸರಿನಲ್ಲಿ, ಒಂದಷ್ಟು ಕಡೆ ಇನಿಶಿಯಲ್ಲಿನಲ್ಲಿ. ಕೆಲವರದು ಆಧಾರಿನಲ್ಲಿ ಕರೆಯುವ ಹೆಸರು, ಪಹಣಿಯಲ್ಲಿ ಮನೆದೇವರ ಹೆಸರು. ಒಬ್ಬೊಬ್ಬರ ಮನೆಗೂ ಹೋಗಿ ಹಳೆಯ ಕಂದಾಯ ರಸೀತಿ, ಪತ್ರಗಳನ್ನು ಕೇಳಿ ನೋಡಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಮೊದಲು ಹೋಗುವುದು ತಿಪ್ಪಸಂದ್ರ ಹೋಬಳಿಗೆ. ಅಲ್ಲಿನ ಸಾಲುಗಳೇ ಹೆಚ್ಚು.